ತೋಟದ ನಾಯಿ ಯಾರ ಲೆಕ್ಕಕ್ಕೆ? ಸಕಲೇಶಪುರ, ಆಲೂರು ಸೀಮೆಯಲ್ಲಿ ಸಾಕುಪ್ರಾಣಿಗಳ ಹೊಣೆಗಾರಿಕೆ

ಹಾಸನ ಜಿಲ್ಲೆಯ ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳಲ್ಲಿ ಪ್ರಾಣಿಗಳ ಸಮಸ್ಯೆ ಎಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಆನೆ. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಗೊಂಡ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿದ್ದು, 2014ರ ಸುಮಾರಿಗೆ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಕಾಡಾನೆಗಳನ್ನು ಹಿಡಿದು ಸಾಗಿಸಿದ್ದು, 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಡನೆ ಸೆಣಸಿ ಮಡಿದದ್ದು ಇವೆಲ್ಲ ನಾಡಿನ ಜನತೆಗೆ ತಿಳಿದ ಸಂಗತಿಗಳು. ಆನೆಗೆ ಕಡತವುಂಟು, ಪರಿಹಾರದ ದರಪಟ್ಟಿಯುಂಟು, ರೇಡಿಯೋ ಕಾಲರ್ ಉಂಟು. ಆದರೆ ಆ ಆನೆ ತೋಟದೊಳಕ್ಕೆ ಕಾಲಿಟ್ಟಿದೆ ಎಂಬುದನ್ನು ನಡುರಾತ್ರಿಯಲ್ಲಿ ಲೈನ್ ಮನೆಗಳವರಿಗೆ ಮೊಟ್ಟಮೊದಲು ತಿಳಿಸುವ ಪ್ರಾಣಿಗೆ ಇದಾವುದೂ ಇಲ್ಲ.

ಅದು ತೋಟದ ನಾಯಿ. ಕಣದಲ್ಲಿ ಹರಡಿದ ಕಾಫಿಯನ್ನೂ ಕಾಳುಮೆಣಸನ್ನೂ ಕಾಯುವುದು ಅದೇ. 2024-25ರ ಹಂಗಾಮಿನಲ್ಲಿ ಕಾಫಿಯ ಧಾರಣೆ ದಾಖಲೆಯ ಮಟ್ಟಕ್ಕೇರಿದಾಗ ಕಣದ ಕಾವಲಿನ ಬೆಲೆ ಎಷ್ಟೆಂಬುದು ಬೆಳೆಗಾರರಿಗೆ ಚೆನ್ನಾಗಿಯೇ ಮನವರಿಕೆಯಾಯಿತು. ಆದರೂ ತೋಟದ ಲೆಕ್ಕಪುಸ್ತಕವನ್ನು ತೆರೆದರೆ ಮೈಲುತುತ್ತ, ಸುಣ್ಣ, ಗೊಬ್ಬರ, ಡೀಸೆಲ್, ಲೈನ್ ಮನೆಗಳ ಹೆಂಚು, ಪಂಪ್‌ಸೆಟ್ಟಿನ ದುರಸ್ತಿ ಎಲ್ಲವೂ ಅಲ್ಲಿರುತ್ತವೆ. ನಾಯಿಯ ಹೆಸರಿನಲ್ಲಿ ಒಂದು ಸಾಲು ಇರುವುದು ಅಪರೂಪ. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳಿಂದಾಗಿ 'ಕಿವಿ' ಎಂಬ ನಾಯಿಯನ್ನು ಕನ್ನಡದ ಓದುಗರು ಬಲ್ಲರು. ಮಿಕ್ಕ ತೋಟಗಳ ನಾಯಿಗಳಲ್ಲಿ ಹಲವಕ್ಕೆ ಹೆಸರೂ ಇರುವುದಿಲ್ಲ.

ಪೇಟೆಯ ಬೀದಿನಾಯಿಗಳ ಬಗ್ಗೆ ವರ್ತಕರಿಂದ ದೂರು ಬಾರದ ಊರಿಲ್ಲ. ಅಂಗಡಿ ಮುಂಗಟ್ಟುಗಳ ಎದುರು, ಬಸ್ ನಿಲ್ದಾಣದಲ್ಲಿ, ಮಾಂಸದಂಗಡಿಯ ಸಾಲಿನಲ್ಲಿ ನಾಯಿಗಳ ಹಿಂಡು ಹೆಚ್ಚಿದೆ, ಪುರಸಭೆಯವರು ಏನೂ ಮಾಡುತ್ತಿಲ್ಲ ಎಂಬುದು ಆ ದೂರಿನ ಸಾರ. ದೂರು ಸುಳ್ಳಲ್ಲ. ಆದರೆ ಆ ನಾಯಿಗಳು ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ಹೆಣ್ಣುಮರಿಗಳ ಗತಿ

ಹೆಣ್ಣುನಾಯಿ ಗರ್ಭ ಧರಿಸಿ ಸುಮಾರು 63 ದಿನಗಳಿಗೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಸೂಲಿನ ಸಾಧ್ಯತೆ ಉಂಟು. ಕಾವಲಿಗೆ ಗಂಡುನಾಯಿಯೇ ಲೇಸೆಂಬುದು ಹಳ್ಳಿಗಾಡಿನಲ್ಲೆಲ್ಲ ರೂಢಿಯಲ್ಲಿರುವ ನಂಬಿಕೆ. ಆದ್ದರಿಂದ ಮರಿಗಳ ಪೈಕಿ ಗಂಡನ್ನು ಕೇಳಿ ಒಯ್ಯುವವರು ಸಿಗುತ್ತಾರೆ. ಹೆಣ್ಣುಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಸಂತೆಯ ಬಯಲಿಗೋ, ಹೋಟೆಲುಗಳಿರುವ ರಸ್ತೆಬದಿಗೋ, ದೇವಸ್ಥಾನದ ಹತ್ತಿರಕ್ಕೋ ಬಿಟ್ಟುಬರಲಾಗುತ್ತದೆ. ಎಲ್ಲಾದರೂ ಬದುಕಿಕೊಳ್ಳಲಿ ಎಂಬ ಸಮಾಧಾನ ಅದರ ಜೊತೆಗಿರುತ್ತದೆ. ಬದುಕಿ ಉಳಿದದ್ದು ಒಂದು ವರ್ಷದೊಳಗೆ ತಾನೇ ಮರಿ ಹಾಕುತ್ತದೆ. ಹೀಗೆ ಪೇಟೆಯ ಹಿಂಡಿಗೆ ಹೊಸ ತಲೆಗಳು ಸೇರುವುದು ಬಹುಪಾಲು ಸಾಕಿದವರ ಮನೆಯಂಗಳದಿಂದಲೇ.

ತೋಟದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಕೊಯ್ಲಿನ ಕೆಲಸ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬಿರುಸಾಗಿರುತ್ತದೆ. ಹೊರಗಿನಿಂದ ಬಂದ ಕೂಲಿಕಾರ ಕುಟುಂಬಗಳು ಲೈನ್ ಮನೆಗಳಲ್ಲಿ ನೆಲೆಸುತ್ತವೆ. ಒಲೆಯ ಬಳಿ ಸೇರಿದ ನಾಯಿಗೆ ಅನ್ನ ಬೀಳುತ್ತದೆ, ಮಕ್ಕಳು ಅದನ್ನು ಮುದ್ದಿಸುತ್ತಾರೆ. ಕೆಲಸ ಮುಗಿದು ಕುಟುಂಬ ಊರಿಗೆ ಹೊರಟಾಗ ಬಸ್ಸಿನಲ್ಲಿ ನಾಯಿಗೆ ಜಾಗವಿಲ್ಲ. ಮಾಲೀಕರು ಅದು ಆಳುಗಳ ನಾಯಿ ಎನ್ನುತ್ತಾರೆ, ಆಳುಗಳು ತೋಟದ ನಾಯಿ ಎನ್ನುತ್ತಾರೆ. ಹಸಿದ ನಾಯಿ ಮುಂದಿನ ಲೈನಿಗೆ ಅಥವಾ ಹೆದ್ದಾರಿಯ ಬದಿಗೆ ನಡೆಯುತ್ತದೆ. ಹೋಂ ಸ್ಟೇಗಳ ಹಿಂಬದಿಯ ಎಂಜಲು ಗುಂಡಿಗಳೂ ಅಂತಹ ನಾಯಿಗಳಿಗೆ ಆಸರೆಯೇ.

ಉಳಿದ ಅಪಾಯಗಳೂ ಕಡಿಮೆಯವಲ್ಲ. ಕಾಡುಹಂದಿಗೆಂದು ಬೇಲಿಯಂಚಿನಲ್ಲಿ ಒಡ್ಡಿದ ತಂತಿಯ ಉರುಳಿಗೆ ನಾಯಿ ಸಿಕ್ಕಿಕೊಳ್ಳುತ್ತದೆ. ಅದೇ ಉರುಳಿಗೆ ಚಿರತೆ ಸಿಕ್ಕಿದರೆ ಮಾಲೀಕನ ಮೇಲೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಕದ್ದಮೆ. ಮಳೆಗಾಲದಲ್ಲಿ ಉಣುಗುಗಳಿಂದ ಜ್ವರ ತಗುಲುತ್ತದೆ. ರಾತ್ರಿ ಬಯಲಿನಲ್ಲಿ ಸರಪಳಿಯಿಂದ ಕಟ್ಟಿಹಾಕಿದ ನಾಯಿ ಕಾವಲುಗಾರನಲ್ಲ. ಚಿರತೆಯನ್ನು ಮನೆಬಾಗಿಲಿಗೆ ಕರೆಯುವ ಮೇವು. ಬಿಗಿಯಾದ ಬಾಗಿಲು ಮತ್ತು ಜಾಲರಿಯುಳ್ಳ ಒಂದು ಗೂಡನ್ನು ತೋಟದ ಬಡಗಿ ಒಂದೇ ದಿನದಲ್ಲಿ ಮಾಡಿಕೊಡಬಲ್ಲ. ಒಳಗಿದ್ದೂ ನಾಯಿ ಬೊಗಳುತ್ತದೆ.

ಹುಚ್ಚುನಾಯಿ ರೋಗದ ಲೆಕ್ಕ

ವ್ಯಾಪಾರಸ್ಥರಿಗೆ ಇದು ಕೇವಲ ದಯೆಯ ವಿಷಯವಾಗಿ ಕಂಡರೆ ಆಶ್ಚರ್ಯವಿಲ್ಲ. ರೇಬೀಸ್‌ನ ಅಂಕಿಅಂಶಗಳನ್ನು ನೋಡಿದಾಗ ಮಾತ್ರ ಅದರ ಇನ್ನೊಂದು ಮುಖ ಕಾಣುತ್ತದೆ. 2024ರಲ್ಲಿ ಕರ್ನಾಟಕದಲ್ಲಿ ವರದಿಯಾದ ನಾಯಿ ಕಡಿತದ ಪ್ರಕರಣಗಳು 3.6 ಲಕ್ಷಕ್ಕೂ ಹೆಚ್ಚು. ರೇಬೀಸ್‌ನಿಂದ ಮಡಿದವರು 42 ಮಂದಿ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇಕಡಾ 99ರಷ್ಟು ನಾಯಿಯಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಬಳಿಕ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ರಾಜ್ಯ ಸರ್ಕಾರ 2022ರ ಡಿಸೆಂಬರಿನಲ್ಲಿ ಮಾನವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲ ಮಾಡುವ ರಾಷ್ಟ್ರೀಯ ಯೋಜನೆ 2021ರ ಸೆಪ್ಟೆಂಬರ್ 28ರಿಂದ ಜಾರಿಯಲ್ಲಿದೆ.

ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆಯಂತಹ ಹೋಬಳಿಗಳಲ್ಲಿ ದೂರವೇ ಒಂದು ರೋಗ. ತೋಟದ ಒಳರಸ್ತೆಯಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಕೂಲಿಕಾರನಿಗೆ ಒಂದು ದಿನದ ಸಂಬಳ ಹೋಗುತ್ತದೆ. ಚರ್ಮದೊಳಗೆ ನೀಡುವ ಲಸಿಕೆಯ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನಗಳಂದು ನಾಲ್ಕು ಬಾರಿ ಹೋಗಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಸಹ ಹಾಕಿಸಬೇಕು. ಮೊದಲ ಚುಚ್ಚುಮದ್ದಿನ ಬಳಿಕ ನೋವು ಕಡಿಮೆಯಾದುದನ್ನೇ ನೆಪಮಾಡಿ ಉಳಿದವನ್ನು ಬಿಟ್ಟರೆ ಅಪಾಯ ಹಾಗೆಯೇ ಉಳಿಯುತ್ತದೆ. ಗಾಯಕ್ಕೆ ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತುವ ಪದ್ಧತಿಯನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯುವುದನ್ನು ಪ್ರತಿ ಮೇಸ್ತ್ರಿಗೂ ರೈಟರಿಗೂ ಕಲಿಸಿಕೊಡುವುದಕ್ಕೆ ತೋಟಕ್ಕೆ ತಗಲುವ ವೆಚ್ಚ ಏನೂ ಇಲ್ಲ.

ಇದಕ್ಕೆ ಎದುರಾಗಿ, ಒಂದು ನಾಯಿಗೆ ವರ್ಷಕ್ಕೊಮ್ಮೆ ಒಂದು ಚುಚ್ಚುಮದ್ದು. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ರಷ್ಟಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಅಳತೆ. 2013ರಲ್ಲಿ ಮಿಷನ್ ರೇಬೀಸ್ ಕಾರ್ಯಕ್ರಮ ಆರಂಭವಾದ ನಂತರ ಗೋವೆಯಲ್ಲಿ ಈ ದಾರಿಯಲ್ಲೇ ನಡೆದು, 2021ರ ಹೊತ್ತಿಗೆ ಆ ರಾಜ್ಯ ರೇಬೀಸ್ ನಿಯಂತ್ರಿತ ಪ್ರದೇಶವೆಂಬ ಹೆಸರು ಪಡೆಯಿತು. ಪ್ರವಾಸೋದ್ಯಮವೇ ಜೀವಾಳವಾದ ರಾಜ್ಯವೊಂದು ಈ ಕೆಲಸಕ್ಕೆ ಹಣ ತೊಡಗಿಸಿದ್ದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವೇ ಸರಿ.

2021ರ ಎರಡು ಘಟನೆಗಳು

ಪ್ರಾಣಿಗಳ ಉಪಟಳವನ್ನು ಸದ್ದಿಲ್ಲದೆ ಮುಗಿಸಿಬಿಡುವ ಯೋಚನೆ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2021ರ ಜುಲೈ ಕೊನೆಯಲ್ಲಿ ಸಕಲೇಶಪುರಕ್ಕೆ ಹೊಂದಿಕೊಂಡ ಬೇಲೂರು ತಾಲ್ಲೂಕಿನ ಚೌಡನಹಳ್ಳಿಯ ಬಳಿ ರಸ್ತೆಬದಿಯಲ್ಲಿ ಚೀಲಗಳು ಬಿದ್ದಿದ್ದವು. ಊರಿನ ಯುವಕರು ಬಿಚ್ಚಿ ನೋಡಿದಾಗ 38 ಮಂಗಗಳು ಸತ್ತಿದ್ದವು; ಜೀವ ಹಿಡಿದಿದ್ದ ಕೆಲವಕ್ಕೆ ಅವರು ನೀರು ಕುಡಿಸಿದರು. ಉಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅದಾಗಿ ಎರಡು ತಿಂಗಳು ಕಳೆಯುವ ಮೊದಲೇ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ವ್ಯಾಪ್ತಿಯಲ್ಲಿ ಬೀದಿನಾಯಿಗಳನ್ನು ಸಾಮೂಹಿಕವಾಗಿ ಕೊಂದು ಹೂತ ಸಂಗತಿ ಬೆಳಕಿಗೆ ಬಂದು, ಕಳೇಬರಗಳನ್ನು ಹೊರತೆಗೆದು ಪರೀಕ್ಷಿಸಬೇಕಾಯಿತು.

ಎರಡೂ ಕಡೆ ಹಿಂಸೆಯಿಂದ ಸಮಸ್ಯೆ ತೀರಲಿಲ್ಲ. ನಾಯಿಗಳ ಮಟ್ಟಿಗಂತೂ ಇದಕ್ಕೆ ಶಾಸ್ತ್ರೀಯ ಕಾರಣವಿದೆ. ಒಂದು ಜಾಗದ ನಾಯಿಗಳನ್ನು ಇಲ್ಲವಾಗಿಸಿ ಎಂಜಲನ್ನು ಹಾಗೆಯೇ ಉಳಿಸಿದರೆ ನೆರೆಯ ನಾಯಿಗಳು ಅಲ್ಲಿಗೆ ನುಗ್ಗುತ್ತವೆ. ಅವು ಲಸಿಕೆ ಕಾಣದ ಹೊಸ ನಾಯಿಗಳು, ಒಂದರೊಡನೊಂದು ಕಚ್ಚಾಡುವಂಥವು. ಸಂತಾನಶಕ್ತಿಹರಣ ಚಿಕಿತ್ಸೆಯ ಮಾರ್ಗ ನಿಧಾನವಾದರೂ ಫಲ ಕೊಡುತ್ತದೆ ಎಂಬುದಕ್ಕೆ ಬೆಂಗಳೂರಿನ ಗಣತಿ ಸಾಕ್ಷಿ. ಅಲ್ಲಿ 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಚಿಕಿತ್ಸೆಗೊಳಗಾದ ನಾಯಿಗಳ ಪ್ರಮಾಣ ಶೇಕಡಾ 51ರಿಂದ ಸುಮಾರು 72ಕ್ಕೆ ಏರಿತ್ತು. ನಾಲ್ಕು ವರ್ಷಗಳಲ್ಲಿ ಹತ್ತರಲ್ಲಿ ಒಂದು ಪಾಲಿನ ಇಳಿಕೆ ಅಷ್ಟೇನೂ ದೊಡ್ಡದಲ್ಲ ಎನ್ನುವವರಿರಬಹುದು. ಏನೂ ಮಾಡದಿದ್ದರೆ ಅದು ಯಾವ ಕಡೆಗೆ ಹೋಗುತ್ತಿತ್ತು ಎಂಬುದನ್ನೂ ಅವರು ಲೆಕ್ಕಹಾಕಬೇಕು.

ಕಾನೂನಿನ ಹತ್ತು ರೂಪಾಯಿ

ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲಿ ಬಂದಿತು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅದರ 11ನೆಯ ಕಲಮಿನಡಿ ಅಪರಾಧ. ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ ಐವತ್ತು ರೂಪಾಯಿಯವರೆಗೆ ಎಂದು ಅಂದು ಬರೆದದ್ದು ಇಂದಿಗೂ ಹಾಗೆಯೇ ಉಳಿದಿದೆ. ಸಕಲೇಶಪುರದ ಯಾವ ಹೋಟೆಲಿನಲ್ಲಿಯೂ ಹತ್ತು ರೂಪಾಯಿಗೆ ತಿಂಡಿ ದೊರೆಯುವುದಿಲ್ಲ.

ಆದರೆ ಇದೊಂದನ್ನೇ ನೆಚ್ಚಿ ನಿರಾತಂಕವಾಗಿರುವ ಮಾಲೀಕರು ಭಾರತೀಯ ನ್ಯಾಯ ಸಂಹಿತೆಯನ್ನು ಗಮನಿಸುವುದು ಒಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ 291ನೆಯ ಕಲಮು ಆರು ತಿಂಗಳವರೆಗೆ ಸಜೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಅತಿಥಿಯ ಮಗುವಿಗೆ ಹೋಂ ಸ್ಟೇಯ ನಾಯಿ ಕಚ್ಚಿದಾಗ, ಆ ನಾಯಿಯ ಲಸಿಕೆಯ ಪುಸ್ತಕ ತೋರಿಸಲಾಗದ ಮಾಲೀಕರ ಸ್ಥಿತಿ ಇಕ್ಕಟ್ಟಿನದು.

ನಾಯಿಮರಿ ಮಾರಾಟ ಈಗೀಗ ಸಣ್ಣ ಪಟ್ಟಣಗಳಲ್ಲಿಯೂ ಒಂದು ವ್ಯಾಪಾರ. 2017ರ ನಿಯಮಗಳ ಪ್ರಕಾರ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. 2018ರಿಂದ ಸಾಕುಪ್ರಾಣಿ ಅಂಗಡಿಗಳಿಗೂ ನೋಂದಣಿಯ ನಿಯಮವಿದೆ. ಸದಸ್ಯ ವರ್ತಕರು ಈ ವಹಿವಾಟಿಗೆ ಇಳಿಯುವ ಮುನ್ನ ಇದನ್ನು ತಿಳಿದಿರಬೇಕು. ಕೊಳ್ಳುವವರಿಗೂ ಒಂದು ಮಾತು: ಹಿಮದ ನಾಡಿನ ಹಸ್ಕಿಯನ್ನು ಮಲೆನಾಡಿನ ಮಳೆಗೆ ತಂದು ಕಟ್ಟುವವರು, ಇಲ್ಲಿಯ ಹವೆಗೆ ಒಗ್ಗಿದ ಊರುನಾಯಿಯ ಮರಿಯತ್ತ ಒಮ್ಮೆ ಕಣ್ಣು ಹಾಯಿಸಬಹುದು. ದೇಶೀ ತಳಿಯೇ ಬೇಕೆನ್ನುವವರಿಗೆ ಮುಧೋಳ ಉಂಟು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ಹೊರತಂದಿತು. ಆದರೆ ಓಡಲು ಬಯಲು ಬೇಡುವ ಆ ಬೇಟೆನಾಯಿ ಅಂಗಡಿಯ ಜಗುಲಿಗೆ ಹೇಳಿಸಿದ್ದಲ್ಲ.

ಆಶ್ರಯಧಾಮ: ಮೊದಲ ಹೆಜ್ಜೆಯೋ ಕೊನೆಯದೋ?

ಪ್ರಾಣಿ ಜನನ ನಿಯಂತ್ರಣದ 2023ರ ನಿಯಮಗಳಂತೆ ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಗಳದು, ಎಂದರೆ ಪುರಸಭೆ, ಪಟ್ಟಣ ಪಂಚಾಯಿತಿಗಳಷ್ಟೇ ಅಲ್ಲದೆ ಗ್ರಾಮ ಪಂಚಾಯಿತಿಗಳದೂ ಹೌದು. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವುದು ಆ ನಿಯಮಗಳ ಕ್ರಮ. ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರ ಆದೇಶದಲ್ಲಿ ಇದಕ್ಕೊಂದು ಮುಖ್ಯ ಹೊರತನ್ನು ಮಾಡಿತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಚಿಕಿತ್ಸೆ, ಲಸಿಕೆಗಳ ಬಳಿಕ ಆಶ್ರಯ ಕೇಂದ್ರಗಳಲ್ಲಿ ಇರಿಸಬೇಕು, ಹಿಂದಿನ ಜಾಗಕ್ಕೆ ಮರಳಿ ಬಿಡಬಾರದು ಎಂದಿತು. ಹೆದ್ದಾರಿಗಳ ಮೇಲಿನ ಬೀಡಾಡಿ ದನಗಳನ್ನು ಸಾಗಿಸಿ ಪೋಷಿಸಬೇಕೆಂದೂ ಹೇಳಿತು. ರಾಷ್ಟ್ರೀಯ ಹೆದ್ದಾರಿ 75 ಮತ್ತು ಹಾಸನ-ಮಂಗಳೂರು ರೈಲು ಮಾರ್ಗ ಎರಡೂ ಹಾದುಹೋಗುವ ಈ ತಾಲ್ಲೂಕುಗಳಿಗೆ ಆ ಆದೇಶ ದೂರದ ದೆಹಲಿಯ ಸುದ್ದಿಯಲ್ಲ.

ಆಶ್ರಯಧಾಮ ಎಂದೊಡನೆ ದಾನಿಗಳಿಗೆ ಉತ್ಸಾಹ ಬರುತ್ತದೆ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಗೋಡೆಯ ಮೇಲೆ ಹೆಸರು ಕೆತ್ತಿಸಬಹುದು. ಆದರೆ ಐವತ್ತು ನಾಯಿಗಳಿಗೆ ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 36,500 ಊಟ ಬೇಕು. ನಾಯಿಯೊಂದು ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಹೊಸದಾಗಿ ಬಂದ ನಾಯಿಯನ್ನು ಪ್ರತ್ಯೇಕವಾಗಿ ಇರಿಸುವ ಕೊಠಡಿಗಳಿಲ್ಲದಿದ್ದರೆ ಪಾರ್ವೊ, ಡಿಸ್ಟೆಂಪರ್ ರೋಗಗಳು ಇಡೀ ಧಾಮವನ್ನು ಬರಿದು ಮಾಡಬಲ್ಲವು. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ನೆಲವನ್ನು ಒಣಗಿಸಿಡುವುದೇ ಒಂದು ದೊಡ್ಡ ಕೆಲಸ. ಜೊತೆಗೆ ಇದು ಕಾಡಂಚಿನ ಸೀಮೆ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳ ಸಾವಿಗೆ ಡಿಸ್ಟೆಂಪರ್ ವೈರಾಣುವೂ ಕಾರಣವೆಂದು ಕಂಡುಬಂದಿತ್ತು. ಲಸಿಕೆಯಿಲ್ಲದ ನಾಯಿಗಳನ್ನು ಒಂದೆಡೆ ಕೂಡಿಹಾಕಿದರೆ ಸೀಳುನಾಯಿಗಳಿಗೂ ಚಿರತೆಗೂ ಅದೇ ಗಂಡಾಂತರ ತಪ್ಪಿದ್ದಲ್ಲ.

ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಆರಂಭಿಸಿದ ಕ್ಯೂಪಾ, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಮೊದಲಾದ ಸಂಸ್ಥೆಗಳು ವರ್ಷಗಳಿಂದ ಈ ಭಾರ ಹೊತ್ತಿವೆ. ಅವು ದೊಡ್ಡ ನಗರಗಳ ದಾನಿಗಳನ್ನೂ ಸ್ವಯಂಸೇವಕರನ್ನೂ ಆಶ್ರಯಿಸಿ ನಿಂತವು. ಸಕಲೇಶಪುರ, ಆಲೂರುಗಳಂತಹ ಸಣ್ಣ ಪಟ್ಟಣಗಳು ಅವುಗಳ ಕಟ್ಟಡವನ್ನು ನೋಡಿ ಅನುಕರಿಸುವುದಕ್ಕಿಂತ ಚಿಕಿತ್ಸಾ ಘಟಕದಿಂದ ಆರಂಭಿಸುವುದು ವಿವೇಕ. ಒಂದು ಶಸ್ತ್ರಚಿಕಿತ್ಸಾ ಕೊಠಡಿ, ಚೇತರಿಕೆಗೆ ಹತ್ತಿಪ್ಪತ್ತು ಗೂಡುಗಳು, ಗಾಯಗೊಂಡ ಪ್ರಾಣಿಗಳಿಗೆ ಬೇರೊಂದು ಸಾಲು, ಇಷ್ಟು ಸಾಕು. ಅದೇ ಗೂಡಿನಲ್ಲಿ ಒಂದು ನಾಯಿಯನ್ನು ಜೀವಮಾನವಿಡೀ ಇಟ್ಟುಕೊಳ್ಳುವ ಬದಲು, ಶಸ್ತ್ರಚಿಕಿತ್ಸೆಯಾದ ನಾಯಿ ಕೆಲವೇ ದಿನಗಳಲ್ಲಿ ಜಾಗ ತೆರವು ಮಾಡಿದರೆ ವರ್ಷಕ್ಕೆ ಹಲವಾರು ನಾಯಿಗಳ ಸರದಿ ಮುಗಿಯುತ್ತದೆ. ನ್ಯಾಯಾಲಯ ಹೇಳಿದ ಶಾಶ್ವತ ಆಶ್ರಯ ಬೇಕಾದುದು ನಿಲ್ದಾಣ, ಆಸ್ಪತ್ರೆ, ಶಾಲೆಗಳ ನಾಯಿಗಳಿಗೆ. ಅವುಗಳ ಸಂಖ್ಯೆಯನ್ನು ಮೊದಲು ಎಣಿಸಬೇಕು, ಆಮೇಲೆ ಕಟ್ಟಡದ ನಕ್ಷೆ.

ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇರುವುದು ಈ ಭಾಗದ ಭಾಗ್ಯ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಗಳಿಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಅವು ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವಂಥವು ಎಂಬುದು ನೆನಪಿರಲಿ.

ಹಣದ ಮೂಲವೂ ಇಲ್ಲವೆಂದೇನಲ್ಲ. ಕಂಪನಿಗಳ ಕಾಯ್ದೆ 2013ರ ಏಳನೆಯ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವನ್ನು ಹೆಸರಿಸಿಯೇ ಸೇರಿಸಲಾಗಿದ್ದು, ಸಾಮಾಜಿಕ ಹೊಣೆಗಾರಿಕೆಯ ಶೇಕಡಾ ಎರಡರ ನಿಧಿಯನ್ನು ಇದಕ್ಕೆ ವಿನಿಯೋಗಿಸಲು ಅಡ್ಡಿಯಿಲ್ಲ. ಆದರೆ ಆ ನಿಯಮ ಅನ್ವಯಿಸುವುದು ದೊಡ್ಡ ಕಂಪನಿಗಳಿಗೆ ಮಾತ್ರ. ಇಲ್ಲಿಯ ಬಹುಪಾಲು ತೋಟಗಳು ಕುಟುಂಬದ ಒಡೆತನದವು, ಹೋಂ ಸ್ಟೇಗಳೂ ಹಾಗೆಯೇ. ಆದ್ದರಿಂದ ಇಲ್ಲಿ ಕೆಲಸ ನಡೆಯುವುದಾದರೆ ಅದು ಸಣ್ಣ ಸಣ್ಣ ಪಾಲುಗಳಿಂದಲೇ. ಹತ್ತು ತೋಟಗಳು ಕೂಡಿ ಒಬ್ಬ ಪಶುವೈದ್ಯರನ್ನು ಒಂದು ದಿನಕ್ಕೆ ಕರೆಸಿದರೆ ತಲಾ ವೆಚ್ಚ ಇಳಿಯುತ್ತದೆ. ತಾನು ಸಾಕಿದ ಹೆಣ್ಣುನಾಯಿಗೆ ಮಾಲೀಕರೇ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗೋಣಿಚೀಲದ ಪ್ರಸಂಗವೇ ಬರುವುದಿಲ್ಲ. ಹೋಟೆಲು, ಕೋಳಿ-ಮಾಂಸದಂಗಡಿಗಳ ತ್ಯಾಜ್ಯಕ್ಕೆ ಮುಚ್ಚಳವಿರುವ ಡಬ್ಬಿ ಒದಗಿಸುವುದು ವರ್ತಕರದೇ ಕೆಲಸ. ಅದು ಆಗದ ಹೊರತು ಪುರಸಭೆ ಎಷ್ಟು ನಾಯಿ ಹಿಡಿದರೂ ಅಷ್ಟೇ.

ಸಮಯವನ್ನು ಆರಿಸುವಲ್ಲಿಯೂ ಲೆಕ್ಕಾಚಾರ ಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಮುಂಗಾರಿನ ಅಬ್ಬರ ಇಳಿದಿರುತ್ತದೆ, ಕೊಯ್ಲಿನ ಗಡಿಬಿಡಿ ಇನ್ನೂ ಆರಂಭವಾಗಿರುವುದಿಲ್ಲ. ಅಕ್ಟೋಬರ್, ನವೆಂಬರ್‌ಗಳಲ್ಲಿ ಲಸಿಕೆಯ ಶಿಬಿರಗಳು ಮುಗಿದರೆ, ಡಿಸೆಂಬರಿನಲ್ಲಿ ಹೊರಗಿನ ಕುಟುಂಬಗಳು ಲೈನ್ ಮನೆಗಳಿಗೆ ಬಂದಿಳಿಯುವಾಗ ಅವರ ಮಕ್ಕಳು ಎತ್ತಿಕೊಳ್ಳುವ ನಾಯಿಗೆ ಚುಚ್ಚುಮದ್ದು ಬಿದ್ದಿರುತ್ತದೆ. ಫೆಬ್ರವರಿಯಲ್ಲಿ ಆ ಕುಟುಂಬಗಳು ಹೊರಡುವ ದಿನ, ಸಂಬಳದ ಲೆಕ್ಕ ಚುಕ್ತಾ ಮಾಡುವ ರೈಟರು ಲೈನಿನಲ್ಲಿ ಉಳಿದ ನಾಯಿಗಳೆಷ್ಟು ಎಂದು ಎಣಿಸಿ ಅದೇ ಪುಸ್ತಕದಲ್ಲಿ ಬರೆದಿಡಬಹುದು.